ಮನ್ನಾಏಖೇಳ್ಳಿಯ ಮಗುವಿಗೆ ಮನೋವೈದ್ಯರು ಎಲ್ಲಿ ಸಿಗುತ್ತಾರೆ?

ಹಟ ಮಾಡದ, ಸುಳ್ಳು ಹೇಳದ, ಒಡಹುಟ್ಟಿದವರೊಡನೆ ಜಗಳವಾಡದ ಮಕ್ಕಳಿಲ್ಲ. ಆದರೆ ಮಗುವೊಂದು ತಿಂಗಳುಗಟ್ಟಲೆ ಇತರರಿಗೆ ಗಾಯವಾಗುವಂತೆ ಹೊಡೆಯುತ್ತ, ಸಾಮಾನು ಒಡೆಯುತ್ತ, ಮನೆ ಬಿಟ್ಟು ಓಡಿಹೋಗುತ್ತ, ಮನೆಯಲ್ಲೂ ಶಾಲೆಯಲ್ಲೂ ಯಾರ ಅಂಕೆಗೂ ಸಿಗದಂತಾದರೆ ಅದು ಗಂಭೀರ ವರ್ತನಾ ಸಮಸ್ಯೆಯಾಗಿದ್ದು, ವೈದ್ಯಕೀಯ ಪರೀಕ್ಷೆಯನ್ನು ಬೇಡುತ್ತದೆ. ಅದರ ಹಿಂದೆ ಗಮನ ಒಂದೆಡೆ ನಿಲ್ಲದ, ಅತಿಯಾದ ಚಡಪಡಿಕೆಯ ಎಡಿಎಚ್‌ಡಿ ಇರಬಹುದು, ಬುದ್ಧಿ ಚುರುಕಾಗಿದ್ದರೂ ಓದು-ಬರಹ ತಲೆಗೆ ಹತ್ತದ ಕಲಿಕಾ ನ್ಯೂನತೆ ಇರಬಹುದು, ಯಾರೂ ಗುರುತಿಸದ ಕಿವುಡು ಅಥವಾ ಮೂರ್ಛೆರೋಗವೂ ಇರಬಹುದು. ಮಕ್ಕಳಲ್ಲಿ ಖಿನ್ನತೆ ಅಳುವಿಗಿಂತ ಹೆಚ್ಚಾಗಿ ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಕಾರಣವನ್ನೇ ಹುಡುಕದೆ ಬೆತ್ತ ಮತ್ತು ತಾಯತಗಳಲ್ಲಿ ವರ್ಷಗಳನ್ನು ಕಳೆಯುವುದು ಮಗುವಿಗೆ ಬಗೆಯುವ ಅನ್ಯಾಯ.

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವುದರಿಂದ, ಇಂತಹ ತೊಂದರೆ ಎದುರಾದಾಗ ಹೈದರಾಬಾದಿನ ಖಾಸಗಿ ಆಸ್ಪತ್ರೆಗೆ ಹೊರಡುವ ಯೋಚನೆ ಸಹಜ. ಆದರೆ ಸಾಲ ಮಾಡಿ ಹೋದವರು ಎರಡನೆಯ, ಮೂರನೆಯ ಭೇಟಿಗೆ ಹೋಗಲಾಗದೆ ಚಿಕಿತ್ಸೆಯನ್ನು ನಡುವೆಯೇ ಬಿಡುವ ಅಪಾಯವಿದೆ. ವರ್ತನಾ ಸಮಸ್ಯೆಗೆ ಒಂದೇ ಭೇಟಿಯಲ್ಲಿ ಮುಗಿಯುವ ಚಿಕಿತ್ಸೆ ಇಲ್ಲವಾದ್ದರಿಂದ, ಮತ್ತೆ ಮತ್ತೆ ಹೋಗಿಬರಲು ಸಾಧ್ಯವಿರುವ ಹತ್ತಿರದ ಸೇವೆಯಿಂದ ಆರಂಭಿಸುವುದೇ ವಿವೇಕ.

ಹತ್ತಿರದ ಸೇವೆ ಎಂಬ ಕಲ್ಪನೆಗೆ ಕರ್ನಾಟಕದಲ್ಲೇ ಬೇರುಗಳಿವೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ‘ಮನೋಚೈತನ್ಯ’ ಯೋಜನೆಯ ಪ್ರಕಾರ ಗೊತ್ತುಪಡಿಸಿದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಬೇಕು. ಹುಮನಾಬಾದ್ ಅಥವಾ ಬಸವಕಲ್ಯಾಣದಲ್ಲಿ ಅದು ಯಾವ ಮಂಗಳವಾರವೆಂದು ಆಶಾ ಕಾರ್ಯಕರ್ತೆಯ ಮೂಲಕ ಮುಂಚಿತವಾಗಿ ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಶಾಲೆ-ಅಂಗನವಾಡಿಗಳಿಗೆ ಭೇಟಿ ಕೊಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಮಗುವನ್ನು ತೋರಿಸಬಹುದು. ಎಡಿಎಚ್‌ಡಿ, ಆಟಿಸಂ, ಕಲಿಕಾ ನ್ಯೂನತೆಗಳು ಅದರ ತಪಾಸಣಾ ಪಟ್ಟಿಯಲ್ಲಿವೆ. ಮುಂದಿನ ಮೆಟ್ಟಿಲು ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್ ಬೋಧಕ ಆಸ್ಪತ್ರೆ. ಮಕ್ಕಳ ಮನೋವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿರುವುದು ದೂರದ ನಿಮ್ಹಾನ್ಸ್‌ನಲ್ಲಿ ಎಂಬುದು ಕಲ್ಯಾಣ ಕರ್ನಾಟಕದ ಕುಟುಂಬಗಳ ಪಾಲಿಗೆ ಸಣ್ಣ ಕೊರತೆಯಲ್ಲ.

ವೈದ್ಯರ ಬಳಿಗೆ ಹೋಗುವಾಗ ಒಂದು ನೋಟ್‌ಬುಕ್ ಜೊತೆಗಿರಬೇಕು. ಸಂಜೆ ಏಳಕ್ಕೆ ಮಗು ಮೊಬೈಲ್ ಕೇಳಿತು, ತಾಯಿ ಕೊಡಲಿಲ್ಲ, ಮಗು ತಟ್ಟೆ ಎಸೆಯಿತು, ಗಲಾಟೆ ತಾಳಲಾರದೆ ತಾಯಿ ಮೊಬೈಲ್ ಕೊಟ್ಟಳು ಎಂದು ನಡೆದದ್ದನ್ನು ನಡೆದಂತೆಯೇ ಬರೆದಿಟ್ಟರೆ, ತಟ್ಟೆ ಎಸೆದರೆ ಮೊಬೈಲ್ ಸಿಗುತ್ತದೆಂದು ಮಗು ಕಲಿತಿರುವುದು ವೈದ್ಯರ ಕಣ್ಣಿಗೆ ಬೀಳುತ್ತದೆ. ಈ ಸರಪಳಿಯನ್ನು ಕಡಿಯುವುದನ್ನು, ಮಗುವಿನ ಒಳ್ಳೆಯ ನಡತೆಯನ್ನು ಆ ಕ್ಷಣದಲ್ಲೇ ಮೆಚ್ಚುವುದನ್ನು ಹೆತ್ತವರಿಗೆ ಕಲಿಸುವ ಪಾಲಕರ ತರಬೇತಿಯೇ ಚಿಕಿತ್ಸೆಯ ಮುಖ್ಯ ಭಾಗ. ದುಡಿಮೆಗೆಂದು ಹೆತ್ತವರು ಊರು ಬಿಟ್ಟಿದ್ದರೆ ಮಗುವನ್ನು ಸಾಕುತ್ತಿರುವ ಅಜ್ಜ-ಅಜ್ಜಿಯೂ ಇದರಲ್ಲಿ ಪಾಲ್ಗೊಳ್ಳಬೇಕು. ಔಷಧ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಬೇಕಾದವರಿಗೆ, ವಿಶೇಷವಾಗಿ ಎಡಿಎಚ್‌ಡಿ ಇರುವವರಿಗೆ, ಅದರಿಂದ ಸ್ಪಷ್ಟ ಪ್ರಯೋಜನವಿದೆ.

ಕಾನೂನು ಮಗುವಿನ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನೂ, ದೈಹಿಕ ದಂಡನೆಯನ್ನೂ ನಿಷೇಧಿಸುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಗುವನ್ನು ಮಾನಸಿಕ ಆಸ್ಪತ್ರೆಗೆ ದಾಖಲಿಸುವುದು ಅನಿವಾರ್ಯವಾದರೆ ವಯಸ್ಕರಿಂದ ಪ್ರತ್ಯೇಕವಾಗಿ ಇರಿಸಬೇಕು, ಪಾಲಕರು ಅಥವಾ ಅವರು ಗೊತ್ತುಮಾಡಿದವರು ಜೊತೆಯಲ್ಲೇ ಇರಬೇಕು.

ಮಗುವಿನ ವರ್ತನೆಯಿಂದ ಕಂಗಾಲಾದ ಹೆತ್ತವರು ಮೊದಲಿಗೆ 14416ಕ್ಕೆ ಕರೆ ಮಾಡಲಿ. ‘ಟೆಲಿ ಮನಸ್’ ಹೆಸರಿನ ಈ ಉಚಿತ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಹಗಲೂ ರಾತ್ರಿಯೂ ಕೆಲಸ ಮಾಡುತ್ತಿದ್ದು, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.