ಲೈಕ್ ಬಂದರೆ ಸಾಲದು, ಕಲಾವಿದರ ಹೆಸರೂ ಬರಲಿ

10ನೇ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯವರು ಪೊನ್ನನ ಶಾಂತಿಪುರಾಣದ 1,000 ಓಲೆ ಪ್ರತಿಗಳನ್ನು ಮಾಡಿಸಿ ಹಂಚಿದರು. ಅಂದು ಕೃತಿಯ ಪ್ರಚಾರಕ್ಕೆ ದಾನಿಗಳೇ ಆಸರೆ. ಇಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಯಕ್ಷಗಾನ ಭಾಗವತರು, ಜಿನಭಜನೆ ಹಾಡುವವರು ಮೊಬೈಲ್ ಮೂಲಕವೇ ದೂರದ ಕೇಳುಗರನ್ನು ತಲುಪಬಹುದು.

ಆದರೆ ಲೈಕ್ ಎಂದರೆ ಸಂಭಾವನೆಯಲ್ಲ. ಯೂಟ್ಯೂಬ್ ಜಾಹೀರಾತು ಹಣದಲ್ಲಿ ಪಾಲು ಸಿಗಲು 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ಹಣ ಸೇರುವುದೂ ಚಾನೆಲ್ ನಡೆಸುವವರ ಖಾತೆಗೆ. ಹಾಡಿದವರು ಬೇರೆಯಾದರೆ ಅವರಿಗೆ ತಾನಾಗಿ ಏನೂ ಬರುವುದಿಲ್ಲ.

ಆದ್ದರಿಂದ ಸಿಂಹನಗದ್ದೆ ಬಸದಿಯಿರಲಿ, ಊರಿನ ಉತ್ಸವವಿರಲಿ, ವಿಡಿಯೊ ಹಾಕುವ ಮೊದಲು ಕಲಾವಿದರ ಒಪ್ಪಿಗೆ ಪಡೆದು, ಅವರ ಹೆಸರು, ಊರು ಬರೆಯೋಣ. ಮೆಚ್ಚಿದವರನ್ನು ಮುಂದಿನ ಕಾರ್ಯಕ್ರಮಕ್ಕೆ ಕರೆಸಿ ತಕ್ಕ ಸಂಭಾವನೆ ನೀಡೋಣ.