ಸರ್ನಾಕ್ ಅಂದ್ರೇನ್ರಿ?

ತುಂಗಭದ್ರೆ ತುಂಬಿ ಬಂದಾಗ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಫತ್ಯಾಪುರದ ರಸ್ತೆ ಮುಳುಗುತ್ತದೆ, ಹೊಳೆದಂಡೆಯ ಗದ್ದೆಗೂ ನೀರು ನುಗ್ಗುತ್ತದೆ. ಆಮೇಲೆ ಪರಿಹಾರದ ಅರ್ಜಿ, ಅರ್ಜಿಯೆಂದರೆ ಪಹಣಿ. ಅದೀಗ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ರೈತನ ಕೈಗೆ ಸಿಗುತ್ತದೆಯೇ? ತಿಳಿಯಬೇಕಾದರೆ ಅವನನ್ನೇ ಕೂರಿಸಿ, ಮೊಬೈಲ್ ಕೊಟ್ಟು, ಒಂದು ಕೆಲಸ ಹೇಳಿ ಸುಮ್ಮನೆ ನೋಡಬೇಕು. ಆ ಕೆಲಸದ ಚೀಟಿ ಬರೆಯುವುದರಲ್ಲೇ ಬಹಳ ಜನ ಎಡವುತ್ತಾರೆ.

‘ಹೋಬಳಿ ಆಯ್ಕೆ ಮಾಡಿ, ಸರ್ನಾಕ್ ಒತ್ತಿ, ಹಿಸ್ಸಾ ಆರಿಸಿ’ ಎಂದು ಬರೆದರೆ ಕೆಟ್ಟಿತು. ಪರದೆಯಲ್ಲಿರುವ ಪದವೇ ಚೀಟಿಯಲ್ಲೂ ಇದ್ದರೆ ಅಕ್ಷರ ಬಲ್ಲ ಯಾರು ಬೇಕಾದರೂ ಜೋಡಿಸಿ ಪಾಸಾಗುತ್ತಾರೆ. ಅದು ಕಾಪಿ ಹೊಡೆಸಿದ ಪರೀಕ್ಷೆ. ಸರ್ನಾಕ್ ಎಂದರೆ ಸರ್ವೆ ನಂಬರಿಗೆ ಅಂಟಿಕೊಂಡ ಗುರುತು. ಬಹುತೇಕ ಜಮೀನುಗಳಿಗೆ ಅಲ್ಲಿರುವುದು ಬರೀ ಒಂದು ನಕ್ಷತ್ರ ಚಿಹ್ನೆ. ಉತ್ತವನಿಗೆ ಅದರ ಹೆಸರು ಯಾಕೆ ಗೊತ್ತಿರಬೇಕು?

‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಹೊಸತರಲ್ಲಿ ಈ ತೊಡಕು ಕಾಣಲಿಲ್ಲ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ರೈತ ತನ್ನ ಮಾತಿನಲ್ಲಿ ಹೇಳುತ್ತಿದ್ದ, ಒಳಗೆ ಕೂತವನು ಅದನ್ನು ಯಂತ್ರದ ಮಾತಿಗೆ ತಿರುಗಿಸುತ್ತಿದ್ದ. ಮೊಬೈಲಿನಲ್ಲಿ ಆ ಮಧ್ಯದ ಮನುಷ್ಯ ಇಲ್ಲ.

ಹಾಗಾಗಿ ಚೀಟಿ ಹೀಗಿರಲಿ: ‘ಹೊಳೆ ನೀರಿಗೆ ನಿಮ್ಮ ಭತ್ತ ಹೋಗಿದೆ. ಪರಿಹಾರ ಕೇಳಬೇಕು. ಇಗೋ ಹಳೇ ಪಹಣಿ. ಈ ವರ್ಷದ್ದರಲ್ಲಿ ಯಾವ ಬೆಳೆ ಅಂತ ಬರೆದಿದ್ದಾರೆ, ನೋಡಿ ಹೇಳಿ.’ ಇದರಲ್ಲಿ ಕಾರಣವಿದೆ, ದಾರಿಯಿಲ್ಲ. ಹಳೇ ಪಹಣಿ ಕೈಯಲ್ಲಿರುವುದರಿಂದ ನಂಬರು ನೆನಪಿಲ್ಲವೆಂದು ಕೆಲಸ ನಿಲ್ಲುವುದಿಲ್ಲ. ಬೆಳೆಯ ಹೆಸರು ಓದಿ ಹೇಳಿದರೆ ಮುಗಿಯಿತು, ‘ಆಯ್ತಾ?’ ಎಂದು ಕೇಳಿ ‘ಹ್ಞೂಂ’ ಅನ್ನಿಸಿಕೊಳ್ಳುವ ಗೋಜಿಲ್ಲ.

ಆಮೇಲಿನದೇ ಕಷ್ಟ: ಬಾಯಿ ಮುಚ್ಚಿಕೊಂಡಿರುವುದು. ‘ಇದು ನಿಮಗಲ್ಲ ಯಜಮಾನ್ರೇ, ಯಂತ್ರಕ್ಕೆ ಪರೀಕ್ಷೆ’ ಎಂದು ಮೊದಲೇ ಹೇಳಿ, ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಆಡಲು ಬಿಡಬೇಕು. ಬೆರಳು ಪರದೆಯ ಮೇಲೆ ತಡೆದು ನಿಂತಿತೆಂದರೆ ದೋಷ ಸಿಕ್ಕಿತು.

ಇದಕ್ಕೆ ನೂರು ಜನ ಬೇಡ. ಇಂಥ ಬಳಕೆ ಪರೀಕ್ಷೆಗಳ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಐದು ಜನ ಸಾಕು, ಸುಮಾರು ಶೇ 85ರಷ್ಟು ತೊಡಕುಗಳು ಹೊರಬೀಳುತ್ತವೆ. ಆದರೆ ಐವರೂ ಬಳಸುವವರೇ ಆಗಿರಬೇಕು. ಬೆಂಗಳೂರಿನ ಕಚೇರಿಯಲ್ಲಿ ಪಕ್ಕದ ಕುರ್ಚಿಯ ಐವರನ್ನು ಕೂರಿಸಿದರೆ ಲೆಕ್ಕಕ್ಕಿಲ್ಲ.

ಚೀಟಿ ಬರೆದಾದ ಮೇಲೆ ಪರದೆಯ ಪಕ್ಕ ಹಿಡಿದು ನೋಡಿ. ಗುಂಡಿಯ ಹೆಸರು ಚೀಟಿಯಲ್ಲೂ ಕಂಡರೆ ಹರಿದುಹಾಕಿ, ಇನ್ನೊಂದು ಬರೆಯಿರಿ.