ಕೂಸು ಪದೇ ಪದೇ ಬೆಚ್ಚುತ್ತಿದೆಯೇ?

ನಾಲ್ಕೈದು ತಿಂಗಳ ಕೂಸು ನಿದ್ದೆಯಿಂದ ಏಳುವಾಗ ತಲೆ ಬಗ್ಗಿಸಿ, ಎರಡೂ ಕೈ ಚಾಚಿ, ನಮಸ್ಕಾರ ಮಾಡಿದ ಹಾಗೆ ಮುದುಡಿಕೊಳ್ಳುತ್ತದೆ. ಕ್ಷಣದಲ್ಲಿ ಸರಿಹೋಗುತ್ತದೆ, ಮತ್ತೆ ಹಾಗೇ. ಒಂದರ ಹಿಂದೊಂದು ಹತ್ತಾರು ಸಲ. 'ಬೆಚ್ಚಿ ಬೀಳ್ತೈತಿ ಬಿಡವ್ವ, ದೃಷ್ಟಿ ಆಗೈತಿ' ಅಂತ ನಮ್ಮ ದಾವಣಗೆರೆ, ಹರಿಹರದ ಕಡೆ ಅಜ್ಜಿಯರು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ನಿವಾಳಿಸಲಿ, ಬೇಡ ಅನ್ನೋಲ್ಲ. ಆದರೆ ಅದೇ ದಿನ ಮಕ್ಕಳ ಡಾಕ್ಟರಿಗೂ ತೋರಿಸಿ. ಇದು ವೆಸ್ಟ್ ಸಿಂಡ್ರೋಮ್ ಎಂಬ ಅಪರೂಪದ ಮೂರ್ಛೆರೋಗ ಇರಬಹುದು. ಹುಟ್ಟಿದ ಕೂಡಲೇ ಅಳದ, ಸಕ್ಕರೆ ಅಂಶ ಕಡಿಮೆಯಾಗಿದ್ದ ಮಕ್ಕಳಲ್ಲಂತೂ ಹೆಚ್ಚು ಎಚ್ಚರ ಬೇಕು.

ಹೆಸರಿನ ಹಿಂದೆ ಒಬ್ಬ ಅಪ್ಪನ ಸಂಕಟವಿದೆ. ವಿಲಿಯಂ ಜೇಮ್ಸ್ ವೆಸ್ಟ್ ಇಂಗ್ಲೆಂಡಿನ ವೈದ್ಯ. ತನ್ನ ಮಗನಿಗೇ ಹೀಗಾದಾಗ ಜಿಗಣೆ ಹಚ್ಚಿಸಿದ, ಭೇದಿಗೆ ಕೊಟ್ಟ, ಅಫೀಮನ್ನೂ ಕೊಟ್ಟ. ಯಾವುದೂ ನಾಟಲಿಲ್ಲ. 1841ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದು, ಯಾರಿಗಾದರೂ ದಾರಿ ಗೊತ್ತೇ ಎಂದು ಕೇಳಿದ. ಎಸಿಟಿಎಚ್ ಎಂಬ ಹಾರ್ಮೋನಿನ ಇಂಜೆಕ್ಷನ್ ಇದಕ್ಕೆ ಕೆಲಸ ಮಾಡುತ್ತದೆಂದು ಗೊತ್ತಾಗಿದ್ದು 1958ರಲ್ಲಿ!

ಈಗ ಬಳಸುವ ಮದ್ದುಗಳು ಮುಖ್ಯವಾಗಿ ಎಸಿಟಿಎಚ್, ಪ್ರೆಡ್ನಿಸೊಲೋನ್ ಮತ್ತು ವಿಗಾಬಾಟ್ರಿನ್. ಯಾವುದು ಮೇಲು ಎಂದು ಊಹೆಯಿಂದ ಹೇಳಲಾಗದು, ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಬೇಕು. ಐದು ದೇಶಗಳ 377 ಕೂಸುಗಳ ಮೇಲೆ ನಡೆದ ಪ್ರಯೋಗದ ಫಲ 2017ರಲ್ಲಿ ಪ್ರಕಟವಾಯಿತು. ಹಾರ್ಮೋನ್ ಮದ್ದು ಮಾತ್ರ ಪಡೆದವರಲ್ಲಿ ಶೇ. 57 ಮಕ್ಕಳಿಗೆ ಸೆಳೆತ ನಿಂತಿತು, ಜೊತೆಗೆ ವಿಗಾಬಾಟ್ರಿನ್ ಕೊಟ್ಟವರಲ್ಲಿ ಶೇ. 72. ಭಲೇ ಅನ್ನಿಸುತ್ತದಲ್ಲವೇ? ಆದರೆ ಒಂದೂವರೆ ವರ್ಷದ ಹೊತ್ತಿಗೆ ಮಕ್ಕಳ ಬೆಳವಣಿಗೆ ನೋಡಿದರೆ ಎರಡೂ ಗುಂಪಿನಲ್ಲಿ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ. ಬೇಗ ಚಿಕಿತ್ಸೆ ಶುರುವಾದ ಮಕ್ಕಳು ಮಾತ್ರ ಮುಂದಿದ್ದರು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ತಡ ಮಾಡಿದ ವಾರಗಳನ್ನು ಯಾವ ಮದ್ದೂ ವಾಪಸು ಕೊಡೋಲ್ಲ.

ಹಾಗಾಗಿ ಮೊದಲು ಮೊಬೈಲಿನಲ್ಲಿ ಆ ಸೆಳೆತವನ್ನು ವಿಡಿಯೋ ಮಾಡಿಕೊಳ್ಳಿ. ಡಾಕ್ಟರ ಮುಂದೆ ಕೂಸು ನಗುನಗುತ್ತಾ ಇರುತ್ತದೆ, ನೀವು ಬಾಯಲ್ಲಿ ಹೇಳಿದರೆ 'ಗ್ಯಾಸು' ಅಂದುಬಿಡಬಹುದು. ಇಇಜಿ ಆಗಲೇಬೇಕು ಎಂದು ಕೇಳಿ. ಹರಿಹರದವರಿಗೆ ದಾವಣಗೆರೆಯ ಬಾಪೂಜಿ ಮಕ್ಕಳ ಆಸ್ಪತ್ರೆ ಹತ್ತಿರವೇ ಇದೆ. ಮುಂದಕ್ಕೆ ಬೇಕಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್ ಇವೆ. ಪ್ರೆಡ್ನಿಸೊಲೋನ್ ಕೊಡುವಾಗ ಮುಖ ಊದುತ್ತದೆ, ಸೋಂಕು ಬೇಗ ತಗಲುತ್ತದೆ. ಹೆದರಿ ನೀವೇ ನಿಲ್ಲಿಸಬೇಡಿ. ಲಸಿಕೆ ಹಾಕಿಸುವ ಮೊದಲು ಕೇಳಿ. ವಿಗಾಬಾಟ್ರಿನ್ ಕಣ್ಣಿಗೆ ತೊಂದರೆ ಮಾಡಬಲ್ಲದು, ಕಣ್ಣು ತಪಾಸಣೆ ಇರಲಿ.

ದೊಡ್ಡಾಸ್ಪತ್ರೆಯಲ್ಲಿ ಹೊಸ ಔಷಧದ ಪ್ರಯೋಗಕ್ಕೆ ಸೇರಿಸುತ್ತೀರಾ ಎಂದು ಕೇಳಬಹುದು. 'ನನ್ನ ಕೂಸನ್ನ ಪ್ರಯೋಗಪಶು ಮಾಡ್ತೀರೇನು?' ಎಂದು ಎದ್ದು ಬರುವ ಮುನ್ನ ಮಾತು ಕೇಳಿ. ಪ್ರಯೋಗದಲ್ಲಿಲ್ಲದಿದ್ದರೆ ಏನು ಚಿಕಿತ್ಸೆ ಕೊಡುತ್ತಿದ್ದಿರಿ, ನೈತಿಕ ಸಮಿತಿ ಒಪ್ಪಿದೆಯೇ, ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು ಎಂದು ವಿಚಾರಿಸಿ. 2019ರ ನಿಯಮದ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ ಪಡೆಯಿರಿ, ಯಜಮಾನರೊಡನೆ ಕೂತು ಓದಿ, ಸಹಿ ಮಾಡಿದರೆ ಒಂದು ಪ್ರತಿ ಚೀಲದಲ್ಲಿ ಇಟ್ಟುಕೊಂಡೇ ಮನೆಗೆ ಬನ್ನಿ.